ಮೊದಲ ಬಾಗಿಲಿನ ಬೀಗದಕೈ

ಇಂಟೆಲ್ ಅಥವಾ ಎಎಂಡಿ ಸಂಸ್ಥೆಯ ಪ್ರೊಸೆಸರನ್ನು ಹೊತ್ತ ಹಳೆಯ ಗಣಕಯಂತ್ರವೊಂದು ಕೆಟ್ಟು ಕುಳಿತಿತೆಂದರೆ ಅದನ್ನು ಎಬ್ಬಿಸುವ ಉಪಾಯ ಈಗ ಬಹುಮಂದಿಗೆ ತಿಳಿದಿದೆ. ಹೆಬ್ಬೆರಳಿನಷ್ಟು ಉದ್ದದ ಪೆನ್ ಡ್ರೈವಿನಲ್ಲಿ ಲಿನಕ್ಸನ್ನೋ ಮತ್ತೊಂದನ್ನೋ ತುಂಬಿಕೊಂಡು, ಯಂತ್ರದ ಪಕ್ಕದ ಕಿಂಡಿಗೆ ಸಿಕ್ಕಿಸಿ, ತಕ್ಕ ಗುಂಡಿಯನ್ನೊತ್ತಿದರಾಯಿತು. ಒಳಗಿನ ಡಿಸ್ಕನ್ನು ಮುಟ್ಟದೆಯೇ ಪರದೆಯ ಮೇಲೆ ಹೊಸದೊಂದು ಕಾರ್ಯಾಚರಣ ವ್ಯವಸ್ಥೆ ಬಂದು ನಿಲ್ಲುತ್ತದೆ. ಸಿಲುಕಿಕೊಂಡಿದ್ದ ಕಡತಗಳನ್ನು ಹೊರತೆಗೆದುಕೊಳ್ಳಬಹುದು. ಹೊಸ ವ್ಯವಸ್ಥೆಯ ರುಚಿ ನೋಡಬಹುದು. ಹಿಡಿಸದಿದ್ದರೆ ಪೆನ್ ಡ್ರೈವನ್ನು ಕಿತ್ತು ಜೇಬಿಗಿಟ್ಟುಕೊಳ್ಳಬಹುದು. ಛತ್ರದಲ್ಲಿ ಒಂದು ರಾತ್ರಿ ತಂಗಿ, ಬೆಳಗಾಗುತ್ತಲೇ ಹಾಸಿಗೆ ಸುತ್ತಿಕೊಂಡು ಹೊರಟ ಪ್ರಯಾಣಿಕನಂತೆ!

ಅದೇ ಪೆನ್ ಡ್ರೈವನ್ನು ಆರ್ಮ್ ಜಾತಿಯ ಪ್ರೊಸೆಸರುಳ್ಳ ಗಣಕಕ್ಕೆ ಸಿಕ್ಕಿಸಿ ನೋಡಿದರೆ ಬಹುತೇಕ ಕಾಣುವುದು ಕತ್ತಲೆಯ ಪರದೆಯೇ. ಕೈಯಲ್ಲಿರುವ ಫೋನು, ಮಕ್ಕಳ ಟ್ಯಾಬ್ಲೆಟ್ಟು, 2020ರಿಂದೀಚೆಗಿನ ಆಪಲ್ ಗಣಕಗಳು, ಅನೇಕ ಕ್ರೋಮ್‌ಬುಕ್ಕುಗಳು, ಹೊಸ ಬಗೆಯ ಕೆಲವು ವಿಂಡೋಸ್ ಲ್ಯಾಪ್‌ಟಾಪುಗಳು ಎಲ್ಲವೂ ಇದೇ ಜಾತಿಗೆ ಸೇರಿದವು. ಅಂದಮೇಲೆ ಪ್ರಶ್ನೆ ಸಣ್ಣದಲ್ಲ. ಹಣ ಕೊಟ್ಟು ಕೊಂಡ ಯಂತ್ರದಲ್ಲಿ ತನಗೆ ಬೇಕಾದ ವ್ಯವಸ್ಥೆಯನ್ನು ನಡೆಸುವ ಅಧಿಕಾರ ಕೊಂಡವನಿಗೆ ಉಂಟೋ ಇಲ್ಲವೋ? ತಯಾರಕರು ಕೈಬಿಟ್ಟ ದಿನ ಆ ಯಂತ್ರ ಗುಜರಿಯ ಪಾಲಾಗಬೇಕೋ, ಇನ್ನೂ ಹತ್ತು ವರ್ಷ ದುಡಿಯಬಹುದೋ? ಇವೆಲ್ಲದರ ಉತ್ತರ ಅಡಗಿರುವುದು ಯಂತ್ರ ಎಚ್ಚರಗೊಳ್ಳುವ ಮೊದಲ ಕೆಲವು ಕ್ಷಣಗಳಲ್ಲಿ.

ವಿದ್ಯುತ್ತು ಹರಿದ ಗಳಿಗೆಯಲ್ಲಿ ಪ್ರೊಸೆಸರಿಗೆ ಏನೊಂದೂ ತಿಳಿಯದು. ಪರದೆ ಎಲ್ಲಿದೆ, ಕೀಲಿಮಣೆ ಎಲ್ಲಿದೆ, ಡಿಸ್ಕು ಇದೆಯೋ ಇಲ್ಲವೋ—ಯಾವುದರ ಅರಿವೂ ಇಲ್ಲ. ಅದು ಬಲ್ಲುದು ಒಂದನ್ನೇ: ಗೊತ್ತುಪಡಿಸಿದ ಒಂದು ವಿಳಾಸಕ್ಕೆ ಹೋಗಿ ಅಲ್ಲಿ ಬರೆದಿರುವ ಆಜ್ಞೆಯನ್ನು ಪಾಲಿಸುವುದು. ಆ ಪುಟ್ಟ ಆಜ್ಞಾಮಾಲೆ ತನಗಿಂತ ತುಸು ದೊಡ್ಡದಾದ ಇನ್ನೊಂದನ್ನು ಹುಡುಕಿ ಎಬ್ಬಿಸುತ್ತದೆ. ಅದು ಮತ್ತೂ ದೊಡ್ಡದನ್ನು. ಕಟ್ಟಕಡೆಗೆ ಇಡೀ ವ್ಯವಸ್ಥೆ ಎದ್ದು ಕೂರುತ್ತದೆ. ತಾನು ತೊಟ್ಟ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನೇ ಮೇಲಕ್ಕೆತ್ತಿಕೊಂಡವನ ಕುರಿತು ಇಂಗ್ಲಿಷಿನಲ್ಲಿ ಒಂದು ಹಾಸ್ಯದ ಮಾತಿದೆ; 'ಬೂಟ್ ಆಗುವುದು' ಎಂಬ ಹೆಸರು ಬಂದದ್ದು ಅದರಿಂದಲೇ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಸರಪಣಿಯ ಮೊದಲ ಕೊಂಡಿಯನ್ನು ಬರೆದವನು ಯಾರೋ, ಎರಡನೆಯ ಕೊಂಡಿ ಯಾವುದಾಗಬೇಕೆಂಬುದನ್ನು ನಿರ್ಧರಿಸುವವನೂ ಅವನೇ.

ಹಳೆಯ ಜಾತಿಯ ಗಣಕಗಳಲ್ಲಿ ಈ ಬಾಗಿಲು ತೆರೆದೇ ಉಳಿದದ್ದು ಯಾರ ಔದಾರ್ಯದಿಂದಲೂ ಅಲ್ಲ, ಇತಿಹಾಸದ ಒಂದು ಆಕಸ್ಮಿಕದಿಂದ. 1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪುಟ್ಟ ಗಣಕವನ್ನು ಹೊರತಂದಾಗ ಅದರ ಬಹುಪಾಲು ಭಾಗಗಳು ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದಂಥವು. ಸಂಸ್ಥೆಯ ಸ್ವಂತದ್ದೆಂದು ಹೇಳಬಹುದಾದದ್ದು ಮುಖ್ಯವಾಗಿ ಬಯಾಸ್ ಎಂಬ ಮೊದಲ ಕೊಂಡಿ. ಕಾಂಪ್ಯಾಕ್ ಎಂಬ ಹೊಸ ಸಂಸ್ಥೆ ಅದನ್ನು ನಕಲು ಮಾಡದೆ, ಅದರಂತೆಯೇ ವರ್ತಿಸುವ ಬೇರೊಂದನ್ನು ತಾನೇ ಬರೆದುಕೊಂಡು 1983ರಲ್ಲಿ ಪೇಟೆಗೆ ಇಳಿಯಿತು. ಅದರ ಹಿಂದೆಯೇ ಇತರ ತಯಾರಕರ ಸಾಲು. ಐಬಿಎಂ ಗಣಕದಂತೆ ವರ್ತಿಸದ ಯಂತ್ರಕ್ಕೆ ಗಿರಾಕಿಯೇ ಇಲ್ಲವಾದ್ದರಿಂದ ಎಲ್ಲರೂ ಒಂದೇ ರೀತಿ ಎಚ್ಚರಗೊಳ್ಳುವ ಯಂತ್ರಗಳನ್ನು ಮಾಡಿದರು. ಮುಂದೆ ಬಂದ ಪಿಸಿಐ ಏರ್ಪಾಡಿನಲ್ಲಿ ಒಳಗಿನ ಉಪಕರಣಗಳು ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳತೊಡಗಿದವು. ಒಂದೇ ಪೆನ್ ಡ್ರೈವು ಬೇರೆ ಬೇರೆ ತಯಾರಕರ ಯಂತ್ರಗಳನ್ನು ಎಬ್ಬಿಸಬಲ್ಲ ಸೌಭಾಗ್ಯ ದೊರೆತದ್ದು ಹೀಗೆ.

ಆರ್ಮ್‌ನ ಜಾತಕ ಬೇರೆ. ಅದು ಹುಟ್ಟಿದ್ದು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ, ಅಲ್ಲಿನ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಗಣಕವನ್ನು ಒದಗಿಸುತ್ತಿದ್ದ ಆಕಾರ್ನ್ ಎಂಬ ಸಂಸ್ಥೆಯಲ್ಲಿ. ಸೋಫಿ ವಿಲ್ಸನ್ ಆಜ್ಞೆಗಳ ಸ್ವರೂಪವನ್ನು ರೂಪಿಸಿದರು. ಸ್ಟೀವ್ ಫರ್ಬರ್ ಅದಕ್ಕೆ ದೇಹ ಕೊಟ್ಟರು. 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಕೈಗೆ ಬಂದು ಕೆಲಸ ಮಾಡತೊಡಗಿತು. ಅದು ಎಷ್ಟು ವಿದ್ಯುತ್ ಕುಡಿಯುತ್ತದೆಂದು ಫರ್ಬರ್ ಅಳೆಯಹೋದರೆ ಮಾಪಕದ ಮುಳ್ಳು ಸೊನ್ನೆಯನ್ನು ಬಿಟ್ಟು ಕದಲಲೇ ಇಲ್ಲ! ಪರೀಕ್ಷೆಯ ಹಲಗೆಯಲ್ಲಿ ಏನೋ ದೋಷವಿದ್ದು ಚಿಪ್ಪಿಗೆ ವಿದ್ಯುತ್ ಸರಬರಾಜೇ ಆಗುತ್ತಿರಲಿಲ್ಲ. ಇತರ ತಂತಿಗಳ ಸಂಕೇತಗಳಿಂದ ಸೋರಿ ಬಂದ ಅಲ್ಪ ಶಕ್ತಿಯಲ್ಲೇ ಅದು ದುಡಿಯುತ್ತಿತ್ತು. ಇಷ್ಟು ಮಿತಾಹಾರಿಯಾದ ಚಿಪ್ಪಿನ ವಂಶ ಮುಂದೆ ಫೋನುಗಳನ್ನು ಆಳಿದುದರಲ್ಲಿ ಆಶ್ಚರ್ಯವೇನಿದೆ?

1990ರಲ್ಲಿ ಆಕಾರ್ನ್, ಆಪಲ್ ಮತ್ತು ವಿಎಲ್‌ಎಸ್‌ಐ ಸಂಸ್ಥೆಗಳು ಕೂಡಿ ಆರ್ಮ್ ಎಂಬ ಪ್ರತ್ಯೇಕ ಕಂಪನಿಯನ್ನು ಹುಟ್ಟುಹಾಕಿದವು. ಆ ಕಂಪನಿ ಬೆಳೆದದ್ದು ಚಿಪ್ಪುಗಳನ್ನು ಮಾರಿಯಲ್ಲ, ನಕ್ಷೆಗಳನ್ನು ಮಾರಿ. ಮನೆಯ ನಕ್ಷೆ ಒಬ್ಬರದು, ಕಟ್ಟುವವರು ಊರೆಲ್ಲ! ಒಬ್ಬನು ಬಾಗಿಲನ್ನು ಪೂರ್ವಕ್ಕಿಟ್ಟರೆ ಮತ್ತೊಬ್ಬನು ಪಶ್ಚಿಮಕ್ಕಿಟ್ಟ. ಒಬ್ಬನ ಅಡಿಗೆಮನೆ ಇನ್ನೊಬ್ಬನಲ್ಲಿ ಉಗ್ರಾಣ. ಚಿಪ್ಪಿನೊಳಗೇ ಬೆಸೆದುಕೊಂಡ ಉಪಕರಣಗಳು ತಮ್ಮ ಹೆಸರು ಹೇಳಿಕೊಳ್ಳುವುದಿಲ್ಲ. ಯಾವ ವಿಳಾಸದಲ್ಲಿ ಏನಿದೆಯೆಂದು ವ್ಯವಸ್ಥೆಗೆ ಮೊದಲೇ ತಿಳಿದಿರಬೇಕು. ಹೀಗಾಗಿ ಲಿನಕ್ಸಿನಲ್ಲಿ ಒಂದೊಂದು ಹಲಗೆಗೂ ಒಂದೊಂದು ಪ್ರತ್ಯೇಕ ಬರಹ ಬೆಳೆಯುತ್ತ ಹೋಗಿ, 2011ರಲ್ಲಿ ಅದರ ಜನಕ ಲಿನಸ್ ಟೋರ್ವಾಲ್ಡ್ಸ್ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ಆ ಕೋಪದ ಫಲ ಒಳ್ಳೆಯದೇ ಆಯಿತೆನ್ನಬೇಕು. ಸನ್ ಸಂಸ್ಥೆಯ ಗಣಕಗಳಲ್ಲೂ ಆಪಲ್‌ನ ಹಳೆಯ ಪವರ್‌ಪಿಸಿ ಗಣಕಗಳಲ್ಲೂ ಬಳಕೆಯಲ್ಲಿದ್ದ ಒಂದು ಏರ್ಪಾಡನ್ನು ಆರ್ಮ್ ಲೋಕವೂ ಕೈಗೆತ್ತಿಕೊಂಡಿತು. 'ಡಿವೈಸ್ ಟ್ರೀ' ಎಂದು ಅದರ ಹೆಸರು. ಯಂತ್ರದೊಳಗೆ ಏನೇನು ಎಲ್ಲೆಲ್ಲಿದೆ ಎಂಬುದರ ಜಡತಿ ಪಟ್ಟಿ. ಪಟ್ಟಿ ಕೈಗೆ ಸಿಕ್ಕರೆ ಒಂದೇ ಲಿನಕ್ಸು ಹಲವು ಹಲಗೆಗಳ ಮೇಲೆ ಏಳಬಲ್ಲದು. ಪಟ್ಟಿ ಇಲ್ಲದಿದ್ದರೆ? ಪೆನ್ ಡ್ರೈವಿನಿಂದ ವ್ಯವಸ್ಥೆ ಎದ್ದರೂ ಕೀಲಿಮಣೆ ಸ್ಪಂದಿಸದು, ಪರದೆ ಬೆಳಗದು. ಸ್ನಾಪ್‌ಡ್ರಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸನ್ನು ಎಬ್ಬಿಸಹೊರಟವರು ಪಟ್ಟ ಪಾಡು ಬಹುಮಟ್ಟಿಗೆ ಇದೇ.

ಇದು ಅಜ್ಞಾನದ ಅಡ್ಡಿ, ದುಡಿಮೆಯಿಂದ ನಿವಾರಣೆಯಾಗುವಂಥದು. ಇನ್ನೊಂದು ಅಡ್ಡಿ ಬೀಗದ್ದು. ಅವೆರಡರ ನಡುವಣ ಅಂತರವನ್ನು 2012ರಲ್ಲಿ ಪೇಟೆಗೆ ಬಂದ ಎರಡು ಆರ್ಮ್ ಯಂತ್ರಗಳಷ್ಟು ಚೆನ್ನಾಗಿ ತೋರಿಸುವ ನಿದರ್ಶನ ಮತ್ತೊಂದಿಲ್ಲ.

ಮೊದಲನೆಯದು ಆ ವರ್ಷದ ಫೆಬ್ರವರಿ 29ರಂದು, ಆರ್ಮ್ ಹುಟ್ಟಿದ ಕೇಂಬ್ರಿಜ್‌ನಿಂದಲೇ ಬಂದ ರಾಸ್ಪ್‌ಬೆರಿ ಪೈ. ಬೆಲೆ 35 ಡಾಲರು. ಗಾತ್ರ ಹೆಚ್ಚುಕಡಿಮೆ ಒಂದು ಇಸ್ಪೀಟೆಲೆಯಷ್ಟು. ಸ್ಮೃತಿ 256 ಮೆಗಾಬೈಟು. ಮಕ್ಕಳು ಗಣಕವನ್ನು ಬಿಚ್ಚಿ ಕಟ್ಟಿ ಕಲಿಯಲೆಂದು ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ರೂಪಿಸಿದ ಹಲಗೆ. ಅದು ಎಚ್ಚರಗೊಳ್ಳುವ ಬಗೆಯೂ ವಿಚಿತ್ರವೇ. ವಿದ್ಯುತ್ತು ಹರಿದೊಡನೆ ಆರ್ಮ್ ಪ್ರೊಸೆಸರು ಏಳುವುದಿಲ್ಲ. ಚಿತ್ರಗಳನ್ನು ಮೂಡಿಸಬೇಕಾದ ವಿಡಿಯೋಕೋರ್ ಎಂಬ ಭಾಗ ಮೊದಲು ಎದ್ದು, ಎಸ್‌ಡಿ ಕಾರ್ಡಿನಿಂದ ತನ್ನ ಆಜ್ಞೆಗಳನ್ನು ಓದಿಕೊಂಡು, ಆಮೇಲೆ ಆರ್ಮನ್ನು ತಟ್ಟಿ ಎಬ್ಬಿಸುತ್ತದೆ. ನಾಟಕದ ಪರದೆ ಎಳೆಯುವವನೇ ರಾಜನ ಪಾತ್ರಧಾರಿಯನ್ನು ಎಬ್ಬಿಸಿ ರಂಗಕ್ಕೆ ಕಳಿಸಿದಂತೆ! ಆ ಆಜ್ಞೆಗಳು ಮುಚ್ಚಿದ ಕಡತಗಳು, ಅವುಗಳ ಮೂಲಬರಹ ಬಹಿರಂಗವಾಗಿಲ್ಲ ಎಂಬ ಆಕ್ಷೇಪಣೆ ಇದೆ, ಅದು ನ್ಯಾಯವಾದುದೇ. ಆದರೆ ಅದರ ಮುಂದಿನ ಕೊಂಡಿಯಾಗಿ ಯಾರು ಏನನ್ನಿಟ್ಟರೂ ಪೈ ತಡೆಯುವುದಿಲ್ಲ.

ಪೆನ್ ಡ್ರೈವಿನಿಂದ ಏಳುವ ವಿದ್ಯೆಯನ್ನು ಪೈ ಒಮ್ಮೆಗೇ ಕಲಿಯಲಿಲ್ಲ. ಎಸ್‌ಡಿ ಕಾರ್ಡು ಪದೇ ಪದೇ ಬರೆದಷ್ಟೂ ಸವೆಯುತ್ತದೆ. ಬರೆಯುವ ಮಧ್ಯದಲ್ಲಿ ಕರೆಂಟು ಹೋದರೆ ಅದರ ಕಡತಗಳು ಕೆಡುವುದೂ ಉಂಟು. ಆದ್ದರಿಂದ ಯುಎಸ್‌ಬಿ ಕಿಂಡಿಗೆ ಪೆನ್ ಡ್ರೈವನ್ನೋ ಎಸ್‌ಎಸ್‌ಡಿಯನ್ನೋ ಸಿಕ್ಕಿಸಿ ಅಲ್ಲಿಂದಲೇ ಏಳಿಸಬೇಕೆಂಬ ಬೇಡಿಕೆ ಮೊದಲಿನಿಂದಲೂ ಇತ್ತು. 2016ರ ಪೈ 3ರಲ್ಲಿ ಅದಕ್ಕೊಂದು ದಾರಿ ತೆರೆಯಿತು. ಚಿಪ್ಪಿನೊಳಗೆ ಒಮ್ಮೆ ಬರೆದರೆ ಎಂದೆಂದಿಗೂ ಅಳಿಸಲಾಗದ ಪುಟ್ಟ ಸ್ಮೃತಿಕೋಶವಿದೆ. ಕಾನ್ಫಿಗ್ ಕಡತದಲ್ಲಿ ಒಂದು ಸಾಲನ್ನು ಬರೆದು ಒಂದು ಬಾರಿ ಎಬ್ಬಿಸಿದರೆ ಆ ಕೋಶದಲ್ಲಿ ಯುಎಸ್‌ಬಿಗೆ ಅನುಮತಿಯ ಮುದ್ರೆ ಬೀಳುತ್ತದೆ. ಶಿಲಾಶಾಸನದಂತೆ, ಹಿಂದಕ್ಕೆ ಪಡೆಯುವಂತಿಲ್ಲ. ಅದಾದ ಮೇಲೂ ಕೆಲವು ಪೆನ್ ಡ್ರೈವುಗಳು ಏಳುತ್ತಿರಲಿಲ್ಲ. ಏಕೆಂದರೆ ಪೈ ಎರಡು ಸೆಕೆಂಡು ಮಾತ್ರ ಕಾಯುತ್ತಿತ್ತು. ಸೋಮಾರಿ ಡ್ರೈವುಗಳಿಗಾಗಿ ಅದನ್ನು ಐದು ಸೆಕೆಂಡಿಗೆ ಹೆಚ್ಚಿಸಲು ಮತ್ತೊಂದು ಮುದ್ರೆ ಬೇಕಾಯಿತು. 2018ರ ಪೈ 3ಬಿ ಪ್ಲಸ್‌ನಲ್ಲಿ ಅನುಮತಿಯ ಮುದ್ರೆಯನ್ನು ಕಾರ್ಖಾನೆಯಲ್ಲೇ ಒತ್ತಿ ಕಳಿಸಿದರು. ಮೊಟ್ಟಮೊದಲ ಪೈಗೂ ಒಂದು ಉಪಾಯವುಂಟು: ಬೂಟ್‌ಕೋಡ್ ಎಂಬ ಒಂದೇ ಕಡತವನ್ನು ಎಸ್‌ಡಿ ಕಾರ್ಡಿನಲ್ಲಿಟ್ಟರೆ, ಉಳಿದುದನ್ನೆಲ್ಲ ಅದು ಯುಎಸ್‌ಬಿಯಿಂದ ಓದಿಕೊಳ್ಳುತ್ತದೆ.

2019ರ ಪೈ 4ರಲ್ಲಿ ಈ ಏರ್ಪಾಡೇ ಬದಲಾಯಿತು. ಮೊದಲ ಆಜ್ಞೆಗಳನ್ನು ಅಳಿಸಿ ಬರೆಯಬಹುದಾದ ಪ್ರತ್ಯೇಕ ಚಿಪ್ಪಿನಲ್ಲಿಟ್ಟರು. ತಮಾಷೆಯೆಂದರೆ ಹೊರಬಂದಾಗ ಅದಕ್ಕೆ ಯುಎಸ್‌ಬಿಯಿಂದ ಏಳಲು ಬರುತ್ತಲೇ ಇರಲಿಲ್ಲ! ಕೊಂಡವರು ಒಂದು ವರ್ಷಕ್ಕೂ ಮಿಕ್ಕಿ ಕಾದು, 2020ರ ಸೆಪ್ಟೆಂಬರಿನಲ್ಲಿ ಸ್ಥಿರ ರೂಪದ ಹೊಸ ಆಜ್ಞೆಗಳು ಬಂದ ಮೇಲೆ ಹಲಗೆಗೆ ಆ ವಿದ್ಯೆಯನ್ನು ಕಲಿಸಿಕೊಂಡರು. ಈಗ ಯಾವುದರಿಂದ ಮೊದಲು ಏಳಬೇಕೆಂಬ ಸರದಿಯನ್ನು ಒಂದು ಸಂಖ್ಯೆಯಲ್ಲಿ ಬರೆದಿಡುತ್ತಾರೆ. 'ಎಫ್41' ಎಂದಿದ್ದರೆ ಅದನ್ನು ಬಲದಿಂದ ಎಡಕ್ಕೆ ಓದಬೇಕು: 1 ಎಂದರೆ ಎಸ್‌ಡಿ ಕಾರ್ಡು, 4 ಎಂದರೆ ಯುಎಸ್‌ಬಿ, ಎಫ್ ಎಂದರೆ ಮೊದಲಿನಿಂದ ಮತ್ತೆ ಹುಡುಕು. 1 ಮತ್ತು 4ರ ಸ್ಥಾನವನ್ನು ಅದಲುಬದಲು ಮಾಡಿದರೆ ಪೆನ್ ಡ್ರೈವಿಗೆ ಅಗ್ರಪೂಜೆ. ಬರೆಯುವಾಗ ಎಡವಟ್ಟಾಗಿ ಹಲಗೆ ಮೂಕವಾದರೂ ಗಾಬರಿಯಿಲ್ಲ. ರಿಕವರಿ ಕಡತವನ್ನು ತುಂಬಿದ ಎಸ್‌ಡಿ ಕಾರ್ಡೊಂದನ್ನಿಟ್ಟರೆ ಅದು ಮೊದಲಿನ ಸ್ಥಿತಿಗೆ ಮರಳಿ, ಪರದೆಯ ತುಂಬ ಹಸಿರು ಬಣ್ಣವನ್ನು ತೋರಿಸಿ ಕುಶಲವಾರ್ತೆ ತಿಳಿಸುತ್ತದೆ.

ಈ ತೆರೆದ ಬಾಗಿಲಿನಿಂದ ಯಾರು ಯಾರು ಒಳಗೆ ಬಂದರು ಎಂಬುದು ಸ್ವಾರಸ್ಯದ ಸಂಗತಿ. ಡೆಬಿಯನ್, ಉಬುಂಟು ಮೊದಲಾದ ಲಿನಕ್ಸುಗಳು ಸರಿಯೇ ಸರಿ. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿಗಳೂ ಬಂದವು. ಆಕಾರ್ನ್ ಸಂಸ್ಥೆ ತನ್ನ ಆರ್ಮ್ ಗಣಕಗಳಿಗೆಂದು 1987ರಲ್ಲಿ ಹೊರತಂದ, ಮುಂದೆ ರಿಸ್ಕ್ ಓಎಸ್ ಎಂದು ಹೆಸರಾದ ವ್ಯವಸ್ಥೆ ಕಾಲು ಶತಮಾನದ ಮೇಲೆ ತನ್ನ ವಂಶದ ಈ ಮೊಮ್ಮಗನ ಮೇಲೆ ಮತ್ತೆ ಉಸಿರಾಡಿತು. ಹವ್ಯಾಸಿಗಳು ಪೈ 4ಕ್ಕೆ ಯುಇಎಫ್‌ಐ ಎಂಬ ಸರ್ವಸಾಮಾನ್ಯ ಬಾಗಿಲನ್ನೇ ಕಟ್ಟಿಕೊಟ್ಟರು. ಅದನ್ನು ಅಳವಡಿಸಿಕೊಂಡರೆ 64 ಬಿಟ್ ಆರ್ಮ್‌ಗೆಂದು ಸಿದ್ಧಪಡಿಸಿದ ಸಾಧಾರಣ ಪೆನ್ ಡ್ರೈವುಗಳು, ಪೈ ಎಂಬುದೊಂದು ಇದೆಯೆಂದು ತಿಳಿಯದೆಯೇ, ಅದನ್ನು ಎಬ್ಬಿಸಬಲ್ಲವು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಇಂಟೆಲ್ ಗಣಕಕ್ಕೆಂದು ಸಿದ್ಧವಾದ ಪೆನ್ ಡ್ರೈವು ಇಲ್ಲಿ ನಿಷ್ಪ್ರಯೋಜಕ. ಎರಡರ ಆಜ್ಞಾಭಾಷೆಯೇ ಬೇರೆ. ಇಳಿಸಿಕೊಳ್ಳುವ ಕಡತದ ಹೆಸರಿನಲ್ಲಿ 'ಆರ್ಮ್64' ಎಂದೋ 'ಎಆರ್ಚ್64' ಎಂದೋ ಇರಬೇಕು. 2023ರ ಪೈ 5ರಲ್ಲಾದರೆ ಐದು ಆಂಪಿಯರಿನ ಅಡಾಪ್ಟರು ಇಲ್ಲದಿದ್ದರೆ ಯುಎಸ್‌ಬಿ ಕಿಂಡಿಗಳಿಗೆ ವಿದ್ಯುತ್ತನ್ನು ಬಿಗಿಹಿಡಿದು ಕೊಡುವುದರಿಂದ, ಏಳದ ಡ್ರೈವನ್ನು ದೂರುವ ಮೊದಲು ಅಡಾಪ್ಟರನ್ನು ನೋಡುವುದು ಮೇಲು.

ಇನ್ನು ಎರಡನೆಯ ಯಂತ್ರ. 2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಸರ್ಫೇಸ್ ಆರ್‌ಟಿ ಎಂಬ ಟ್ಯಾಬ್ಲೆಟ್ಟನ್ನು ಹೊರತಂದಿತು. ಬೆಲೆ 499 ಡಾಲರಿನಿಂದ ಮೇಲಕ್ಕೆ. ಸ್ಮೃತಿ ಪೈಯ ಎಂಟು ಪಟ್ಟು, ಎಂದರೆ 2 ಗಿಗಾಬೈಟು. ನಾಲ್ಕು ತಿರುಳಿನ ಪ್ರೊಸೆಸರು. ಮೈಯೆಲ್ಲ ಹಗುರ ಲೋಹದ ಕವಚ. ರೂಪದಲ್ಲಿ, ಬಲದಲ್ಲಿ ಪೈಗೂ ಅದಕ್ಕೂ ಹೋಲಿಕೆಯೇ ಇಲ್ಲ. ಯುಎಸ್‌ಬಿ ಕಿಂಡಿಯೂ ಇತ್ತು. ಧ್ವನಿ ಇಳಿಸುವ ಗುಂಡಿಯನ್ನು ಒತ್ತಿ ಹಿಡಿದು ಚಾಲನೆ ಕೊಟ್ಟರೆ ಪೆನ್ ಡ್ರೈವಿನಿಂದ ಏಳುವ ಸೌಕರ್ಯವೂ ಇತ್ತು. ಆದರೆ ಆ ಪೆನ್ ಡ್ರೈವಿನಲ್ಲಿರುವುದಕ್ಕೆ ಮೈಕ್ರೋಸಾಫ್ಟಿನ ಅಂಕಿತ ಬಿದ್ದಿರಬೇಕು! ಅಂಕಿತವಿಲ್ಲದುದನ್ನು ತಿರಸ್ಕರಿಸುವ ಈ ಕಾವಲಿಗೆ 'ಸೆಕ್ಯೂರ್ ಬೂಟ್' ಎಂದು ಹೆಸರು.

ಕಾವಲು ಇರುವುದೇ ತಪ್ಪೆನ್ನಲಾಗದು. ಮೊದಲ ಕೊಂಡಿಯಲ್ಲೇ ಹೊಕ್ಕು ಕೂರುವ ದುಷ್ಟ ಕ್ರಮವಿಧಿಗಳುಂಟು. ಅಂಥವು ಒಮ್ಮೆ ಹೊಕ್ಕರೆ ಮೇಲಿನ ವ್ಯವಸ್ಥೆಗೆ ಅವುಗಳ ಸುಳಿವೂ ಸಿಗದು. ಆಕ್ಷೇಪಣೆ ಬೇರೆಡೆಯಿದೆ. ವಿಂಡೋಸ್ 8ಕ್ಕಾಗಿ ಯಂತ್ರ ತಯಾರಕರಿಗೆ ಸಂಸ್ಥೆ ವಿಧಿಸಿದ ನಿಯಮಗಳಲ್ಲಿ, ಇಂಟೆಲ್ ಜಾತಿಯ ಗಣಕಗಳಾದರೆ ಈ ಕಾವಲನ್ನು ತೆಗೆಯುವ ಅವಕಾಶ ಒಡೆಯನಿಗೆ ಇರಲೇಬೇಕು ಎಂದೂ, ಆರ್ಮ್ ಯಂತ್ರಗಳಾದರೆ ಅಂಥ ಅವಕಾಶ ಇರಲೇಕೂಡದು ಎಂದೂ ಬರೆದಿತ್ತು. ಕಳ್ಳರ ಭಯ ಎರಡು ಮನೆಗಳಿಗೂ ಒಂದೇ; ಒಂದು ಮನೆಯ ಒಡೆಯನಿಗೆ ಮಾತ್ರ ಬೀಗದಕೈ ಇಲ್ಲವೆಂದರೆ ಅದನ್ನು ರಕ್ಷಣೆಯೆನ್ನುವುದು ಹೇಗೆ?

ಮುಂದಿನ ಕಥೆ ಕರುಣಾಜನಕ. ಹಳೆಯ ವಿಂಡೋಸ್ ತಂತ್ರಾಂಶಗಳು ಈ ಟ್ಯಾಬ್ಲೆಟ್ಟಿನ ಮೇಲೆ ನಡೆಯಲಿಲ್ಲ, ಕೊಳ್ಳುವವರು ಹಿಂಜರಿದರು. 2013ರ ಜುಲೈನಲ್ಲಿ ಮೈಕ್ರೋಸಾಫ್ಟ್ ಇದರ ಬಾಬ್ತು 90 ಕೋಟಿ ಡಾಲರನ್ನು ನಷ್ಟದ ಲೆಕ್ಕಕ್ಕೆ ಬರೆದುಕೊಂಡಿತು. 2023ರ ಜನವರಿ 10ರಂದು ವಿಂಡೋಸ್ ಆರ್‌ಟಿ 8.1ಕ್ಕೆ ಕೊನೆಯ ಪೋಷಣೆಯೂ ನಿಂತಿತು. ಗಟ್ಟಿಮುಟ್ಟಾದ ಯಂತ್ರ, ಒಳ್ಳೆಯ ಪರದೆ. ಬೇರೆ ವ್ಯವಸ್ಥೆಯನ್ನು ಇಡೋಣವೆಂದರೆ ಕಾರ್ಖಾನೆಯ ಬೀಗ ಹಾಗೆಯೇ ಇದೆ. ಅದು ಸಡಿಲಗೊಂಡದ್ದು ಯಾರ ದಯೆಯಿಂದಲೂ ಅಲ್ಲ, ಮೈಕ್ರೋಸಾಫ್ಟಿನ ಒಂದು ಅಜಾಗರೂಕತೆಯಿಂದ. ಸಂಸ್ಥೆಯ ಒಳಗಿನವರ ಪರೀಕ್ಷೆಗಾಗಿ ತಯಾರಿಸಿ ಅಂಕಿತ ಹಾಕಿದ್ದ, ಕಾವಲನ್ನು ಸುಮ್ಮನಾಗಿಸಬಲ್ಲ ಆಜ್ಞಾಪತ್ರವೊಂದು ಹೊರಗಿನವರ ಕೈಗೆ ಸಿಕ್ಕಿತು. 2016ರ ಆಗಸ್ಟಿನಲ್ಲಿ ಇಬ್ಬರು ಶೋಧಕರು ಅದನ್ನು ಪ್ರಕಟಪಡಿಸಿದರು. ಸಂಸ್ಥೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ತೇಪೆ ಹಚ್ಚಿತಾದರೂ ಬಾಗಿಲು ಪೂರ್ತಿ ಮುಚ್ಚಲಿಲ್ಲ. ಸರ್ಫೇಸ್ ಆರ್‌ಟಿಯಲ್ಲಿ ಲಿನಕ್ಸನ್ನು ಎಬ್ಬಿಸುವ ಹವ್ಯಾಸಿಗಳಿಗೆ ಅದೊಂದು ದಾರಿಯಾಯಿತು. 35 ಡಾಲರಿನ ಮೊದಲ ಪೈಗಾದರೋ ಅದರ ತಯಾರಕರ 32 ಬಿಟ್ ವ್ಯವಸ್ಥೆ ದಶಕ ಕಳೆದ ಮೇಲೂ ಹೊಸ ರೂಪದಲ್ಲಿ ದೊರೆಯುತ್ತಲೇ ಬಂದಿದೆ. ಸೆರೆ ಒಡೆದು ಬರಬೇಕಾದ ಪ್ರಸಂಗ ಅದಕ್ಕೆ ಬರಲೇ ಇಲ್ಲ.

ಬೀಗವೂ ಇರಲಿ, ಕೈಯೂ ಒಡೆಯನಲ್ಲಿರಲಿ ಎಂಬ ನಡುದಾರಿ ಸಾಧ್ಯವೆ? ಅಚ್ಚರಿಯೆಂದರೆ, ಮುಚ್ಚಿದ ಬಾಗಿಲಿಗೆ ಹೆಸರಾದ ಆಪಲ್ ಇದಕ್ಕೆ ಉತ್ತರ ಕೊಟ್ಟಿದೆ. 2020ರ ಎಂ1 ಚಿಪ್ಪಿನ ಗಣಕಗಳಲ್ಲಿ ಮೊದಲ ಕೊಂಡಿಗಳು ಯಾವಾಗಲೂ ಒಳಗಿನ ಸಂಗ್ರಹದಿಂದಲೇ ಏಳಬೇಕು. ಪೆನ್ ಡ್ರೈವಿನಿಂದ ನೇರವಾಗಿ ಏಳುವ ಮಾತೇ ಇಲ್ಲ. ಆದರೆ ಯಂತ್ರದ ಮುಂದೆ ಕುಳಿತು, ಚಾಲನೆಯ ಗುಂಡಿಯನ್ನು ಒತ್ತಿ ಹಿಡಿದು, ಗುಪ್ತಪದವನ್ನು ಕೊಟ್ಟ ಒಡೆಯನು ಒಂದು ವಿಭಾಗಕ್ಕೆ ಮಾತ್ರ ಕಾವಲನ್ನು ಸಡಿಲಿಸಬಹುದು. ಪಕ್ಕದ ವಿಭಾಗದ ಮ್ಯಾಕ್ ವ್ಯವಸ್ಥೆಗೆ ಪೂರ್ಣ ಕಾವಲು ಮುಂದುವರಿಯುತ್ತದೆ. ಈ ಸಂದಿನಲ್ಲೇ ಹೆಕ್ಟರ್ ಮಾರ್ಟಿನ್ ಆರಂಭಿಸಿದ ಅಸಾಹಿ ಲಿನಕ್ಸ್ ಬಳಗ ನುಸುಳಿತು. ಆಪಲ್ ಯಾವ ವಿವರವನ್ನೂ ಕೊಡದ ಚಿಪ್ಪನ್ನು ಅವರು ತಟ್ಟಿ, ತಡಕಿ, ಅದರ ಜಡತಿ ಪಟ್ಟಿಯನ್ನು ತಾವೇ ಬರೆದು, 2022ರ ಮಾರ್ಚಿನಲ್ಲಿ ಮೊದಲ ಆವೃತ್ತಿಯನ್ನು ಹೊರತಂದರು. ಆ ಸರಪಣಿಯಲ್ಲಿ ಎಂ1ಎನ್1, ಆಮೇಲೆ ಯು-ಬೂಟ್ ಎಂಬ ಕೊಂಡಿಗಳು ಬರುತ್ತವೆ. ಯು-ಬೂಟ್ ಎದ್ದ ಮೇಲೆ ಪೆನ್ ಡ್ರೈವಿಗೂ ಸರದಿ ಸಿಗುತ್ತದೆ. ಅಂದರೆ ಹೊರಗಿನ ಅತಿಥಿಗೆ ಮನೆಯೊಳಗೆ ಪ್ರವೇಶವುಂಟು, ಆದರೆ ಒಳಗಿನವರೊಬ್ಬರು ಮೊದಲೇ ಎದ್ದು ಕದ ತೆಗೆಯಬೇಕು.

ಕ್ರೋಮ್‌ಬುಕ್ಕುಗಳ ಬೀಗದಕೈ ಇನ್ನೂ ಸರಳ, ಮತ್ತು ಅಷ್ಟೇ ಅಪಾಯಕರ. 'ಡೆವಲಪರ್' ಸ್ಥಿತಿಗೆ ಯಂತ್ರವನ್ನು ಒಯ್ದು, ಯುಎಸ್‌ಬಿಗೆ ಅನುಮತಿ ಕೊಟ್ಟು, ಏಳುವಾಗ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪೆನ್ ಡ್ರೈವು ಚಾಲೂ. ಆದರೆ ಪ್ರತಿ ಬಾರಿ ಏಳುವಾಗಲೂ ಒಂದು ಎಚ್ಚರಿಕೆಯ ಪರದೆ ಕಾಣಿಸಿಕೊಂಡು, ಕಾವಲನ್ನು ಮರಳಿ ಹಾಕಲು ಸ್ಪೇಸ್ ಕೀಲಿಯನ್ನು ಒತ್ತಿರೆಂದು ಸೂಚಿಸುತ್ತದೆ. ತಿಳಿಯದ ಮಗುವೊಂದು ಆ ಸೂಚನೆಯನ್ನು ಪಾಲಿಸಿತೋ, ಒಳಗೆ ಇಟ್ಟುಕೊಂಡಿದ್ದುದೆಲ್ಲ ಅಳಿಸಿಹೋಯಿತು! ಶಾಲೆಗಳಿಗೆ ರಾಶಿರಾಶಿಯಾಗಿ ಕೊಂಡ ಇಂಥ ಯಂತ್ರಗಳು ನವೀಕರಣದ ಅವಧಿ ಮುಗಿದೊಡನೆ ಕಸಕ್ಕೆ ಬೀಳುತ್ತಿರುವುದರ ಬಗೆಗೆ ಅಮೆರಿಕದಲ್ಲಿ ಗದ್ದಲವೆದ್ದು, 2023ರ ಸೆಪ್ಟೆಂಬರಿನಲ್ಲಿ ಗೂಗಲ್ ಆ ಅವಧಿಯನ್ನು ಹತ್ತು ವರ್ಷಗಳಿಗೆ ಹೆಚ್ಚಿಸಿತು. ಅದಕ್ಕೂ ಮುಂಚಿನ ಯಂತ್ರಗಳ ಗತಿ?

ಅವುಗಳಲ್ಲಿ ಹಲವಕ್ಕೆ ಒಂದು ತಿರುಪುಮೊಳೆಯೇ ಗತಿ. ಮದರ್‌ಬೋರ್ಡಿನ ಮೇಲೆ ಎರಡು ಲೋಹದ ಬಿಂದುಗಳನ್ನು ಬೆಸೆಯುವಂತೆ ಬಿಗಿದ ಆ ಪುಟ್ಟ ಮೊಳೆ ಇರುವ ತನಕ ಮೊದಲ ಕೊಂಡಿಯ ಚಿಪ್ಪಿನ ಮೇಲೆ ಬರೆಯಲಾಗದು. 2015ರ ಏಸಸ್ ಸಿ201 ಎಂಬ ಆರ್ಮ್ ಕ್ರೋಮ್‌ಬುಕ್ಕಿನ ಬೆನ್ನನ್ನು ಬಿಚ್ಚಿ, ಆ ಮೊಳೆಯನ್ನು ತೆಗೆದು, ಕಾರ್ಖಾನೆಯ ಆಜ್ಞೆಗಳ ಜಾಗದಲ್ಲಿ ಮೂಲಬರಹ ಬಹಿರಂಗವಾಗಿರುವ ಲಿಬರ್‌ಬೂಟನ್ನು ಬರೆದುಕೊಂಡವರುಂಟು. ಕೆಲಸ ಮುಗಿದ ಮೇಲೆ ಮೊಳೆಯನ್ನು ಅದರ ಜಾಗದಲ್ಲಿಟ್ಟು ಮತ್ತೆ ಬಿಗಿದರೆ, ಅದೇ ಕಾವಲು ಈಗ ಒಡೆಯನು ತಾನೇ ಬರೆದಿಟ್ಟ ಆಜ್ಞೆಗಳನ್ನು ಕಾಯತೊಡಗುತ್ತದೆ.